ಘಮದ ಎಣ್ಣೆ: ಮೊದಲು ನೀರನ್ನು ಓಡಿಸಿ

ಬೆಳ್ಳುಳ್ಳಿ ಎಣ್ಣೆ, ಮೆಣಸಿನಕಾಯಿ ಎಣ್ಣೆ, ಸೊಪ್ಪಿನ ಎಣ್ಣೆ ಅಂತ ಮನೆಯಲ್ಲೇ ಎಣ್ಣೆಗೆ ಘಮ ಹಿಡಿಸುವುದು ಒಳ್ಳೆಯ ಅಭ್ಯಾಸ. ಕೆಲಸ ಕಷ್ಟವೇನಲ್ಲ. ಒಂದು ಚಮಚ ಹಾಕಿದರೆ ಸಪ್ಪೆ ಅಡುಗೆಗೂ ಜೀವ ಬರುತ್ತದೆ. ಆದರೆ ಯಾರ ಅಡುಗೆಮನೆಯಲ್ಲೇ ಆಗಲಿ, ಒಲೆ ಪಕ್ಕದಲ್ಲಿ ಹಸಿ ಬೆಳ್ಳುಳ್ಳಿ ಹಾಕಿಟ್ಟ ಎಣ್ಣೆ ಬಾಟಲಿ ಕಂಡರೆ ನಾನು ಸುಮ್ಮನಿರೋದಿಲ್ಲ. ಮಾಡಿ ಎಷ್ಟು ದಿನ ಆಯ್ತು ಅಂತ ಕೇಳಿಯೇ ಬಿಡ್ತೀನಿ. ಮುದುಕಿಗೆ ಯಾಕೆ ಇಲ್ಲದ ಉಸಾಬರಿ ಅಂತ ಅಂದುಕೊಂಡರೂ ಪರವಾಗಿಲ್ಲ. ಯಾಕೆ ಕೇಳ್ತೀನಿ ಅಂತ ಮುಂದೆ ಹೇಳ್ತೀನಿ.

ಮೊದಲು ಇದು ಹೇಗೆ ಆಗುತ್ತದೆ ಅಂತ ತಿಳಿದುಕೊಳ್ಳಿ. ಸೊಪ್ಪು, ಮಸಾಲೆಗಳ ಘಮದ ಬಹುಪಾಲು ನೀರಿಗಿಂತ ಎಣ್ಣೆಗೆ ಸುಲಭವಾಗಿ ಇಳಿಯುತ್ತದೆ. ಮೆಣಸಿನಕಾಯಿಯ ಖಾರವೂ ಹಾಗೇ, ಅದರ ಕೆಂಪು ಬಣ್ಣವೂ ಹಾಗೇ. ಬೆಚ್ಚಗಿದ್ದರೆ ಬೇಗ ಇಳಿಯುತ್ತದೆ, ತಣ್ಣಗಿದ್ದರೆ ನಿಧಾನ. ತೀರಾ ಬಿಸಿಯಾದರೆ ಮಾತ್ರ ಘಮವೆಲ್ಲ ಗಾಳಿಗೆ ಹೋಗಿ ಬರೀ ಕಹಿ ಉಳಿಯುತ್ತದೆ. ಮನೆಯೆಲ್ಲ ಘಮ್ ಅಂತಿದೆ ಅಂತ ಖುಷಿ ಪಡಬೇಡಿ. ಮನೆಯಲ್ಲಿ ಹರಡಿದ್ದು ಎಣ್ಣೆಯಲ್ಲಿ ಉಳಿಯಬೇಕಾಗಿದ್ದೇ ಅಲ್ವಾ?

ಎಣ್ಣೆ ಯಾವುದಾದರೂ ಆದೀತು, ಆದರೆ ಹಳೆಯದು ಬೇಡ. ಒಮ್ಮೆ ಕರಿದು ಉಳಿದ ಎಣ್ಣೆಯಂತೂ ಬೇಡವೇ ಬೇಡ. ಪದಾರ್ಥದ ರುಚಿ ಮುಂದೆ ಬರಬೇಕಿದ್ದರೆ ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆಯಂಥದ್ದು ಸಾಕು. ಎಣ್ಣೆಗೇ ಸ್ವಂತ ರುಚಿಯಿದ್ದರೆ, ಅಂದರೆ ಆಲಿವ್, ಎಳ್ಳು, ತೆಂಗು ಇಂಥವು, ಅದಕ್ಕೆ ಹೊಂದುವ ಸೊಪ್ಪು ಹಾಕಿ. ಇಲ್ಲದಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ. ಬಾಟಲಿ ತೆರೆದು ಮೂಸಿ ನೋಡಿ. ಸ್ವಲ್ಪ ಕಮಟು ಬಂದರೂ ಅದಕ್ಕೆ ಎಷ್ಟು ಒಳ್ಳೆಯ ಪದಾರ್ಥ ಹಾಕಿದರೂ ದಂಡ.

ಈಗ ಮುಖ್ಯ ವಿಷಯ, ನೀರು. ಸೊಪ್ಪು ತೊಳೆದ ನೀರು, ಬೆಳ್ಳುಳ್ಳಿಯ ಒಳಗಿನ ನೀರು, ಬಾಟಲಿಯ ತಳದಲ್ಲಿ ಉಳಿದ ಒಂದು ಹನಿ, ಸೌಟಿನ ಹಿಡಿಯಿಂದ ಜಾರಿದ್ದು, ಮುಚ್ಚಳಕ್ಕೆ ಕಟ್ಟಿದ ಹಬೆ. ಇದೆಲ್ಲ ಎಣ್ಣೆಗೆ ಶತ್ರು. ಬಿಸಿ ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಕೈ ಮುಖ ಸುಡುತ್ತದೆ. ಅದು ಕಣ್ಣಿಗೆ ಕಾಣುವ ಅಪಾಯ. ಕಾಣದ ಅಪಾಯ ಇನ್ನೂ ದೊಡ್ಡದು.

ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್ ಅನ್ನೋ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಬೆಳ್ಳುಳ್ಳಿ, ಶುಂಠಿ, ಸೊಪ್ಪು ಎಲ್ಲವೂ ಮಣ್ಣಿಗೆ ತಾಗಿ ಬೆಳೆಯೋವೇ. ಆದ್ದರಿಂದ ಅದರ ಬೀಜಾಣು, ಅಂದರೆ ಗಟ್ಟಿ ಹೊದಿಕೆಯೊಳಗೆ ನಿದ್ದೆ ಮಾಡುವ ಅದರ ರೂಪ, ಅವುಗಳ ಮೇಲೆ ಇರಬಹುದು. ಗಾಳಿಯಾಡುವ ಕಡೆ ಅದು ಏನೂ ಮಾಡದೆ ಬಿದ್ದಿರುತ್ತದೆ. ಗಾಳಿ ಇಲ್ಲ, ಹುಳಿ ಇಲ್ಲ, ಒಂದಿಷ್ಟು ತೇವ ಇದೆ, ಚಳಿಯೂ ಇಲ್ಲ ಅಂದರೆ ಎದ್ದು ಬೆಳೆದು ವಿಷ ಮಾಡುತ್ತದೆ. ಎಣ್ಣೆಯಲ್ಲಿ ಮುಳುಗಿದ ಹಸಿ ಬೆಳ್ಳುಳ್ಳಿ ಎಸಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೇಲೆ ಎಣ್ಣೆ ಮುಚ್ಚಿದೆ, ಒಳಗೆ ನೀರಿದೆ. ಆ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯೂ ಇಲ್ಲ. ಹಾಗಾಗಿ ಮೂಸಿ ನೋಡಿ ಚೆನ್ನಾಗಿದೆ ಅನ್ನೋದು ಇಲ್ಲಿ ನಡೆಯೋದಿಲ್ಲ. ನಾಲಿಗೆಗೆ ಇಟ್ಟು ನೋಡೋದಂತೂ ಮಾಡಲೇಬೇಡಿ.

ಇದು ಸುಮ್ನೆ ಹೆದರಿಸೋ ಮಾತಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನ ಊಟದಿಂದ 36 ಜನಕ್ಕೆ ಬಾಟ್ಯುಲಿಸಂ, ಅಂದರೆ ಈ ವಿಷದಿಂದ ಬರುವ ಕಾಯಿಲೆ, ಬಂತು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಎಣ್ಣೆಯಲ್ಲಿ ಹಾಕಿಟ್ಟ ಹೆಚ್ಚಿದ ಬೆಳ್ಳುಳ್ಳಿ. ಫ್ರಿಜ್‌ನಲ್ಲಿ ಇಡಬೇಕಾಗಿದ್ದನ್ನು ಹೊರಗೆ ಇಟ್ಟಿದ್ದರು. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಹೀಗೇ ಆಯಿತು. ಆಮೇಲೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಮಾರುವವರು ಬರೀ ಫ್ರಿಜ್ ನಂಬಿದರೆ ಸಾಲದು, ಹುಳಿ ಸೇರಿಸಲೇಬೇಕು ಅಂತ ಅಲ್ಲಿನ ಸರ್ಕಾರ ಪಟ್ಟು ಹಿಡಿಯಿತು. ಅಂಗಡಿಯಿಂದ ತಂದ ಬಾಟಲಿ ತಿಂಗಳುಗಟ್ಟಲೆ ಇರುತ್ತೆ, ಮನೇದು ಯಾಕೆ ಇರಬಾರದು ಅಂತ ಕೇಳ್ತಾರಲ್ಲ, ಉತ್ತರ ಇದೇ.

ಇನ್ನೂ ಕೆಲವರು ವಾದ ಮಾಡ್ತಾರೆ. ನಾವು ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಬೆಣ್ಣೆಯಷ್ಟು ಮೆತ್ತಗೆ ಬೇಯಿಸಿದೀವಿ, ಇನ್ನೇನು ಭಯ ಅಂತ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಬೀಜಾಣು ಸಾಯೋದಿಲ್ಲ. ಕುದಿಯುವ ನೀರನ್ನೂ ಅದು ತಡೆದುಕೊಳ್ಳುತ್ತದೆ. ಅದನ್ನು ಕೊಲ್ಲೋಕೆ ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಾಗಂತ ಎಣ್ಣೆ ಬಾಟಲಿಯನ್ನು ಕುಕ್ಕರಿಗೆ ಇಟ್ಟುಬಿಡಬೇಡಿ ಮತ್ತೆ! ಎಣ್ಣೆಯಲ್ಲಿ ಮುಳುಗಿದ್ದಕ್ಕೆ ಹಬೆ ತಾಗೋದೇ ಇಲ್ಲ. ನಿಂಬೆರಸ ಹಿಂಡಿದೀನಿ, ಉಪ್ಪು ಹಾಕಿದೀನಿ ಅನ್ನೋದೂ ಅಷ್ಟೇ. ಒಂದು ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಅದಕ್ಕೆ ನಿಂಬೆರಸ ಬಿಟ್ಟು ನೋಡಿ. ಗುಂಡು ಗುಂಡಾಗಿ ತಳಕ್ಕೆ ಇಳಿದು ಕೂರುತ್ತದೆ. ಉಪ್ಪೂ ಕರಗದೆ ಹರಳಾಗಿಯೇ ಉಳಿಯುತ್ತದೆ. ಎಣ್ಣೆ ಸುತ್ತಿಕೊಂಡ ಎಸಳಿನ ಒಳಕ್ಕೆ ಇವೆರಡೂ ಸರಿಯಾಗಿ ಇಳಿಯೋದಿಲ್ಲ.

ಹುಳಿ ಮಾಡಿ ಇಡುವ ಕ್ರಮವೂ ಒಂದಿದೆ. ಸಿಟ್ರಿಕ್ ಆಮ್ಲದ ಶೇ. 3ರ ದ್ರಾವಣದಲ್ಲಿ ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯನ್ನು 24 ಗಂಟೆ ನೆನೆಸಿ, ಬಸಿದು, ಆಮೇಲೆ ಎಣ್ಣೆಗೆ ಹಾಕೋದು. ಬೆಳ್ಳುಳ್ಳಿ ಒಂದು ಪಾಲು ತೂಕಕ್ಕೆ ದ್ರಾವಣ ಮೂರು ಪಾಲು. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಮಾಡುವ ಕೆಲಸ ಅದು, ಕಣ್ಣಳತೆ ನಡೆಯೋದಿಲ್ಲ. ಅಷ್ಟು ತಾಳ್ಮೆ ನನಗಿಲ್ಲ. ನಾನು ಹೇಳೋದು ಸುಲಭದ ದಾರಿ: ಹಸಿದಾದರೆ ಸ್ವಲ್ಪ ಮಾಡಿ ಬೇಗ ಮುಗಿಸಿ, ಇಟ್ಟುಕೊಳ್ಳೋದಾದರೆ ಒಣಗಿದ್ದರಲ್ಲಿ ಮಾಡಿ.

ಒಣಗಿದ್ದು ಅಂದರೆ ನಿಜವಾಗಿಯೂ ಒಣಗಿರಬೇಕು. ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ಗಾಳಿಯಾಡುವ ನೆರಳಿನಲ್ಲಿ ಹರಡಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಎಲೆ ಹಿಡಿದರೆ ಗರಿಗರಿ ಅಂತ ಪುಡಿಯಾಗಬೇಕು. ಕಡ್ಡಿ ಬಗ್ಗಿದರೆ ಇನ್ನೂ ಆಗಿಲ್ಲ, ಟಕ್ ಅಂತ ಮುರಿದರೆ ಆಯಿತು. ಸಂಶಯ ಇದ್ದರೆ ಒಂದು ಹಿಡಿಯನ್ನು ಒಣ ಗಾಜಿನ ಡಬ್ಬಿಯಲ್ಲಿ ಮುಚ್ಚಿಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಒಳಗಡೆ ಮಂಜು ಕಟ್ಟಿದ್ದರೆ ಮತ್ತೆ ಹರಡಿ.

ಅಳತೆ ಸುಲಭ. ಒಣ ಸೊಪ್ಪು 10 ಗ್ರಾಂಗೆ ಎಣ್ಣೆ 100 ಮಿಲಿ. ದಪ್ಪ ತಳದ ಪಾತ್ರೆಯಲ್ಲಿ ಎರಡನ್ನೂ ತಣ್ಣಗಿರುವಾಗಲೇ ಸೇರಿಸಿ. ಒಲೆಯಲ್ಲಿ ಎಷ್ಟು ಸಣ್ಣ ಉರಿ ಸಾಧ್ಯವೋ ಅಷ್ಟು ಇಡಿ. ಅಡುಗೆ ಥರ್ಮಾಮೀಟರ್ ಇದ್ದರೆ 60ರಿಂದ 80 ಡಿಗ್ರಿ ನಡುವೆ ಇರಲಿ. ಇಲ್ಲದಿದ್ದರೆ ಕಣ್ಣು, ಕಿವಿ ಸಾಕು. ಎಣ್ಣೆ ಮೇಲೆ ಸಣ್ಣಗೆ ಅಲೆ ಆಡಬೇಕು, ಸೊಪ್ಪಿನ ಸುತ್ತ ಗುಳ್ಳೆ ಏಳಬಾರದು. ಗುಳ್ಳೆ ಎದ್ದು ಚಿಟಪಟ ಅಂದರೆ ಒಂದೋ ಉರಿ ಜಾಸ್ತಿ, ಇಲ್ಲಾ ಸೊಪ್ಪಿನಲ್ಲಿ ಇನ್ನೂ ತೇವ ಇದೆ. ಉರಿ ಅಷ್ಟು ಸಣ್ಣದು ಆಗೋದೇ ಇಲ್ಲ ಅಂದರೆ ಕೆಳಗೆ ಬಿಸಿನೀರಿನ ಪಾತ್ರೆ ಇಟ್ಟು ಅದರ ಮೇಲೆ ಎಣ್ಣೆ ಪಾತ್ರೆ ಕೂರಿಸಿ. ನೀರು 100 ಡಿಗ್ರಿ ದಾಟೋದಿಲ್ಲ, ಹಾಗಾಗಿ ಎಣ್ಣೆಯೂ ಸೀಯೋದಿಲ್ಲ. ಹಬೆ ಎಣ್ಣೆಯ ಕಡೆ ಬರದ ಹಾಗೆ ಮೇಲಿನ ಪಾತ್ರೆ ಸರಿಯಾಗಿ ಕೂತಿರಲಿ. ಎಣ್ಣೆ ಪಾತ್ರೆ ಎತ್ತುವಾಗ ಅದರ ತಳ ಒರೆಸಿ. ಇದನ್ನು ಎಲ್ಲರೂ ಮರೀತಾರೆ. ಸೋಸುವಾಗ ಪಾತ್ರೆ ಬಗ್ಗಿಸಿದರೆ ತಳದ ನೀರೆಲ್ಲ ಹರಿದು ಬಾಟಲಿಗೇ ಹೋಗುತ್ತದೆ.

ಅರ್ಧ ಗಂಟೆ ಆದಮೇಲೆ ಒಲೆ ಆರಿಸಿ, ಹಾಗೇ ಆರಲು ಬಿಡಿ. ಆರುವಾಗಲೂ ಘಮ ಇಳಿಯುತ್ತಲೇ ಇರುತ್ತದೆ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಬಟ್ಟೆ ಪೂರ್ತಿ ಒಣಗಿರಲಿ. ಗಟ್ಟಿಯಾಗಿ ಹಿಂಡೋಕೆ ಹೋಗಬೇಡಿ. ಕೊನೆಯ ಎರಡು ಚಮಚದ ಆಸೆಗೆ ಗಸಿಯೆಲ್ಲ ಕೆಳಗೆ ಇಳಿದು ಎಣ್ಣೆ ಮಬ್ಬಾಗುತ್ತದೆ, ಬೇಗ ಕೆಡುತ್ತದೆ. ಬಟ್ಟೆಯಲ್ಲಿ ಉಳಿದ ಸೊಪ್ಪನ್ನು ಅವತ್ತಿನ ಅಡುಗೆಗೇ ಹಾಕಿ.

ಒಣಮೆಣಸಿನಕಾಯಿಗೆ ಬೇರೆ ದಾರಿ. ಅದಕ್ಕೆ ಬಿಸಿ ಬೇಕು, ಆದರೆ ಅದರಷ್ಟು ಬೇಗ ಸೀದುಹೋಗುವುದು ಇನ್ನೊಂದಿಲ್ಲ. ತರಿತರಿಯಾಗಿ ಕುಟ್ಟಿದ ಮೆಣಸಿನಕಾಯಿಯನ್ನು ಸ್ಟೀಲ್ ಬಟ್ಟಲಿಗೆ ಹಾಕಿ. ಪ್ಲಾಸ್ಟಿಕ್ ಬೇಡ, ತೆಳು ಗಾಜೂ ಬೇಡ. ಎಣ್ಣೆ ಕಾಯಿಸಿ, ಒಲೆ ಆರಿಸಿ, ಒಂದೆರಡು ನಿಮಿಷ ಬಿಟ್ಟು ಒಂದು ಚೂರು ಮೆಣಸಿನಕಾಯಿ ಹಾಕಿ ನೋಡಿ. ಸುತ್ತ ಸಣ್ಣ ನೊರೆ ಎದ್ದು ಚೂರು ಕೆಂಪಾಗಿಯೇ ಉಳಿದರೆ ಹದ ಸರಿ. ತಕ್ಷಣ ಕಪ್ಪಾದರೆ ಇನ್ನೂ ಕಾಯಿರಿ. ಸುಮ್ಮನೆ ಮುಳುಗಿದರೆ ಮತ್ತೆ ಬಿಸಿ ಮಾಡಿ. ಎಲ್ಲ ಎಣ್ಣೆಯನ್ನು ಒಟ್ಟಿಗೆ ಸುರಿಯಬೇಡಿ, ಮೂರು ಸಲಕ್ಕೆ ಹಂಚಿ. ಮೊದಲನೇ ಸಲಕ್ಕೆ ಘಮ ಏಳುತ್ತದೆ, ಎರಡನೇ ಸಲಕ್ಕೆ ಬಣ್ಣ ಬಿಡುತ್ತದೆ, ಮೂರನೆಯದು ಅದನ್ನೆಲ್ಲ ತಣಿಸುತ್ತದೆ. ಕಿಟಕಿ ತೆಗೆದಿಡಿ, ಬಟ್ಟಲಿನ ಮೇಲೆ ಮುಖ ಬಗ್ಗಿಸಬೇಡಿ. ಘಾಟು ಮೂಗಿಗೆ ಹತ್ತಿದರೆ ಅವತ್ತಿನ ಕೆಲಸ ಅಲ್ಲಿಗೇ ನಿಂತಿತು. ಕೈಗೆ ಖಾರ ಹತ್ತಿದರೆ ಬರೀ ನೀರಿಗೆ ಹೋಗೋದಿಲ್ಲ. ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ.

ಹಸಿ ಬೆಳ್ಳುಳ್ಳಿಯ ರುಚಿ ಮಾತ್ರ ಒಣ ಪುಡಿಯಲ್ಲಿ ಬರೋದಿಲ್ಲ, ಒಪ್ತೀನಿ. ಹಾಗಾಗಿ ಮಾಡಿ, ಆದರೆ ಒಂದು ಸಣ್ಣ ಬಟ್ಟಲಿನಷ್ಟು ಮಾತ್ರ. ಎಸಳನ್ನು ಒಂದೇ ದಪ್ಪಕ್ಕೆ ಹೆಚ್ಚಿ. ದಪ್ಪ ತೆಳುವಾದರೆ ಒಂದು ಹಸಿ ಇರುವಾಗಲೇ ಇನ್ನೊಂದು ಸೀದಿರುತ್ತದೆ. ತಣ್ಣನೆ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಶುರು ಮಾಡಿ. ಮೊದಲು ಜೋರಾಗಿ ಸದ್ದು, ಗುಳ್ಳೆ. ಅದು ಬೆಳ್ಳುಳ್ಳಿಯ ನೀರು ಹೋಗುವ ಸದ್ದು. ನಿಧಾನಕ್ಕೆ ಸದ್ದು ಇಳಿಯುತ್ತದೆ, ಗುಳ್ಳೆ ಸಣ್ಣದಾಗುತ್ತದೆ, ಅಂಚು ಬಣ್ಣ ತಿರುಗುತ್ತದೆ. ಹೊಂಬಣ್ಣ ಬರುವ ತನಕ ಕಾಯಬೇಡಿ, ತಿಳಿ ಹುಲ್ಲಿನ ಬಣ್ಣಕ್ಕೇ ಇಳಿಸಿ. ಪಾತ್ರೆಯ ಬಿಸಿಯಲ್ಲೇ ಅದು ಇನ್ನೊಂದು ಬಣ್ಣ ಏರುತ್ತದೆ. ಒಂದು ಸಲ ಕಂದು ದಾಟಿತೋ, ಕಹಿ ಎಣ್ಣೆಗೆ ಇಳಿದುಬಿಡುತ್ತದೆ. ಆಮೇಲೆ ಸೋಸಿದರೂ ಹೋಗೋದಿಲ್ಲ.

ಊಟಕ್ಕೆ ಬಳಸಿ ಉಳಿದದ್ದನ್ನು ತಕ್ಷಣ ಫ್ರಿಜ್‌ಗೆ ಇಡಿ. 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇರಬೇಕು. ಎರಡರಿಂದ ನಾಲ್ಕು ದಿನದೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಬೆಳ್ಳುಳ್ಳಿ ಗರಿಗರಿ ಆಗಿದೆ, ಸೋಸಿದೀನಿ ಅಂದರೂ ನಿಯಮ ಇದೇ, ಯಾಕೆಂದರೆ ಎಷ್ಟು ನೀರು ಉಳಿದಿದೆ ಅಂತ ಮನೆಯಲ್ಲಿ ಅಳೆಯೋಕೆ ಆಗೋದಿಲ್ಲ. ಜಾಸ್ತಿ ದಿನಕ್ಕೆ ಬೇಕು ಅಂದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ಗೆ ಇಡಿ. ಒಂದೊಂದೇ ತುಂಡು ತೆಗೆದು ನೇರ ಬಿಸಿ ಬಾಣಲೆಗೆ ಹಾಕಿದರೆ ಮುಗೀತು, ಕೆಲವು ತಿಂಗಳು ಚಿಂತೆ ಇಲ್ಲ. ಹಸಿ ಶುಂಠಿ, ಹಸಿಮೆಣಸಿನಕಾಯಿ, ಹಸಿ ಸೊಪ್ಪಿನ ಎಣ್ಣೆಗೂ ಇದೇ ಲೆಕ್ಕ. ನಿಂಬೆ, ಕಿತ್ತಳೆ ಸಿಪ್ಪೆ ಹಾಕೋದಾದರೆ ಬಣ್ಣದ ಪದರ ಮಾತ್ರ ಹೆರೆದು ಒಣಗಿಸಿ, ಬಿಳಿ ಭಾಗ ಕಹಿ.

ಬಾಟಲಿ ಬಗ್ಗೆ ಎರಡು ಮಾತು. ಕುದಿಯುವ ನೀರಿನಲ್ಲಿ ತೊಳೆದು, ತಲೆಕೆಳಗಾಗಿ ಇಟ್ಟು ಪೂರ್ತಿ ಒಣಗಿಸಿ. ಕತ್ತು ಸಣ್ಣ ಇರುವ ಬಾಟಲಿಯ ಒಳಗೆ ತೇವ ಬಹಳ ಹೊತ್ತು ನಿಲ್ಲುತ್ತದೆ, ಅಗಲ ಬಾಯಿಯದೇ ವಾಸಿ. ಬಣ್ಣದ ಗಾಜು ಇದ್ದರೆ ಒಳ್ಳೆಯದು, ಬೆಳಕಿಗೆ ಎಣ್ಣೆ ಬೇಗ ಕಮಟುತ್ತದೆ. ಒಣ ಸೊಪ್ಪಿನದು, ಒಣಮೆಣಸಿನಕಾಯಿಯದು ಕೂಡ ಫ್ರಿಜ್‌ನಲ್ಲೇ ಇರಲಿ. ಒಂದೆರಡು ತಿಂಗಳಲ್ಲಿ ಮುಗಿಸಿದರೆ ಘಮ ಇರುವಾಗಲೇ ತಿಂದ ಹಾಗಾಗುತ್ತದೆ. ಆಲಿವ್ ಎಣ್ಣೆ, ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತವೆ, ಕೆಟ್ಟಿತು ಅಂತ ಗಾಬರಿಯಾಗಬೇಡಿ. ಬೇಕಾದಷ್ಟು ಮಾತ್ರ ತೆಗೆದು ಬಾಟಲಿಯನ್ನು ವಾಪಸ್ ಒಳಗೆ ಇಡಿ. ಹಳೇ ಎಣ್ಣೆ ಮೇಲೆ ಹೊಸದು ಸುರಿಯೋ ಚಾಳಿ ಬಿಟ್ಟುಬಿಡಿ. ಏನು, ಯಾವತ್ತು ಮಾಡಿದ್ದು ಅಂತ ಚೀಟಿ ಅಂಟಿಸಿ. ಸೋಸಿದ ಮರುದಿನ ಬಾಟಲಿಯನ್ನು ಬೆಳಕಿಗೆ ಹಿಡಿದು ತಳ ನೋಡಿ. ಅಲ್ಲಿ ಪಾದರಸದ ಹಾಗೆ ಓಡಾಡುವ ಗುಂಡುಗಳು ಕಂಡರೆ ಅದು ನೀರು. ಆ ಎಣ್ಣೆಯನ್ನು ಇಟ್ಟುಕೊಳ್ಳೋ ಲೆಕ್ಕದಿಂದ ತೆಗೆದು, ಹಸಿ ಬೆಳ್ಳುಳ್ಳಿ ಎಣ್ಣೆಯ ಹಾಗೇ ಬೇಗ ಮುಗಿಸಿ.

ಘಮದ ಎಣ್ಣೆಯಲ್ಲಿ ಕರಿಯೋಕೆ ಹೋಗಬೇಡಿ, ಮಾಡಿದ ಶ್ರಮವೆಲ್ಲ ಹೊಗೆಯಾಗುತ್ತದೆ. ಅಡುಗೆ ಇಳಿಸಿದ ಮೇಲೆ ಮೇಲಿಂದ ಹಾಕಿ. ಎಣ್ಣೆ ಒಲೆ ಮೇಲಿರುವಾಗ ಫೋನ್ ಹಿಡಿದು ಆಚೆ ಹೋಗಬೇಡಿ. ಅಕಸ್ಮಾತ್ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆಯನ್ನು ಅಲ್ಲಾಡಿಸದೆ ಆರುವ ತನಕ ಬಿಡಿ. ಇನ್ನು ಹಳೆಯ ಹಸಿ ಬೆಳ್ಳುಳ್ಳಿ ಎಣ್ಣೆ ತಿಂದವರಿಗೆ ಒಂದೆರಡು ದಿನದಲ್ಲಿ ಕಣ್ಣು ಮಂಜಾಗೋದು, ಒಂದು ಎರಡಾಗಿ ಕಾಣೋದು, ರೆಪ್ಪೆ ಜೋತು ಬೀಳೋದು, ಮಾತು ತೊದಲೋದು, ನುಂಗೋಕೆ ಕಷ್ಟ ಆಗೋದು ಶುರುವಾದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ತಿಂದರು ಅಂತ ಡಾಕ್ಟರಿಗೆ ಹೇಳಿ. ಇದಕ್ಕೆ ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಆ ಬಾಟಲಿಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ, ಮುಚ್ಚಳ ಬಿಗಿದು ಜೊತೆಗೇ ಒಯ್ಯಿರಿ. ಪರೀಕ್ಷೆಗೆ ಬೇಕಾಗಬಹುದು.