ಕೊನೆಗೂ ಕಿತ್ತು ಬಾರದ ಫೈಟ್ ಸ್ಟ್ರಾಪ್: ನನ್ನ ಅನುಭವ

ಐಸ್ ಹಾಕಿಯಲ್ಲಿ ಆಟಗಾರರು ಕೈಕೈ ಮಿಲಾಯಿಸಿದಾಗ ಜರ್ಸಿ ತಲೆಯ ಮೇಲೇರದಂತೆ ಅದರ ಹಿಂಬದಿಯನ್ನು ಒಳಗಿನಿಂದ ಪ್ಯಾಂಟಿಗೆ ಹಿಡಿದಿಡುವ ಪಟ್ಟಿಯೇ ಫೈಟ್ ಸ್ಟ್ರಾಪ್. ಕಳೆದ ಸೀಸನ್‌ನಲ್ಲಿ ನಾನು ಹೊಲಿದ ಪಟ್ಟಿಗಳಲ್ಲಿ ಒಂದೂ ಕಿತ್ತು ಬರಲಿಲ್ಲ. ಮೂವತ್ತು, ಮೂವತ್ತೈದು ಜಗಳಗಳಾದರೂ ಆಗಿರಬೇಕು. ‘ಅಂಗಿ ಹೊಲಿಯುವವನಿಗೆ ಹಾಕಿ ಜರ್ಸಿಯ ಗೊಡವೆ ಏಕೆ’ ಎಂದಿದ್ದ ಸಲಕರಣೆ ಮೇಲ್ವಿಚಾರಕರೇ ಈಗ ಪಕ್ಕದ ಊರಿನ ತಂಡದ ಕೆಲಸವನ್ನೂ ನನಗೆ ಕೊಡಿಸಿದ್ದಾರೆ.

ದಾವಣಗೆರೆಯಲ್ಲಿ ಅಪ್ಪನ ಅಂಗಡಿಯಲ್ಲಿ ಪಳಗಿದ ಕೈ ನನ್ನದು. ಕೆನಡಾದ ಒಂಟಾರಿಯೊಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಯ ಸಣ್ಣ ವೃತ್ತಿಪರ ತಂಡವೊಂದರ ಜರ್ಸಿಗಳಿಗೆ ಹೆಸರು, ಸಂಖ್ಯೆ ಹೊಲಿಯುತ್ತೇನೆ, ಹರಿದದ್ದನ್ನು ಸರಿಪಡಿಸುತ್ತೇನೆ.

ಬಫಲೋ ಸೇಬರ್ಸ್ ತಂಡದ ರಾಬ್ ರೇ ತೊಂಬತ್ತರ ದಶಕದಲ್ಲಿ ಜರ್ಸಿ, ಭುಜದ ಪ್ಯಾಡ್ ಎಲ್ಲವನ್ನೂ ಕಳಚಿಕೊಂಡು ಹೊಡೆದಾಡುತ್ತಿದ್ದರು; ಎದುರಾಳಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಅದಕ್ಕೇ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಜರ್ಸಿಯನ್ನು ಪ್ಯಾಂಟಿಗೆ ಕಟ್ಟುವ ನಿಯಮ ತಂದಿತು. ಕಟ್ಟದವನ ಜರ್ಸಿ ಜಗಳದಲ್ಲಿ ಪೂರ್ತಿ ಕಳಚಿದರೆ ಅವನು ಪಂದ್ಯದಿಂದಲೇ ಹೊರಗೆ. ಪಟ್ಟಿಯ ಮಹತ್ವ ಅಷ್ಟು.

ಕಾರ್ಖಾನೆಯ ಪಟ್ಟಿ ಗಟ್ಟಿಯೇ. ಆದರೆ ಅದನ್ನು ಜರ್ಸಿಗೆ ಕೂಡಿಸಿದ ಜಾಗದಲ್ಲಿ ಬಟ್ಟೆ ಸೋಲುತ್ತದೆ. ಮೊದಲ ವರ್ಷ ನಾನು ದಪ್ಪ ದಾರ ಹಾಕಿ ನಾಲ್ಕು ಸಾಲು ಹೊಲಿದೆ. ಸೂಜಿ ಚುಚ್ಚಿದ ತೂತುಗಳ ಸಾಲಿನಲ್ಲೇ ಬಟ್ಟೆ ಸೀಳಿತು. ಹಾಳಾದ ಜರ್ಸಿಗಳು ಮೂರು, ಒಂದೊಂದಕ್ಕೆ ನೂರೈವತ್ತು ಡಾಲರ್ ಆಸುಪಾಸು, ಎಲ್ಲವೂ ನನ್ನ ಕೂಲಿಯಿಂದ. ಎರಡನೆಯ ವರ್ಷ ಹೊಲಿಗೆ ತಡೆದುಕೊಂಡಿತು, ಆದರೆ ಪಟ್ಟಿಯ ಟಿಚ್ ಬಟನ್ ಬಿಟ್ಟಿತು.

ಬಟನ್ ಬಿಟ್ಟ ಆ ರಾತ್ರಿ ನಾನು ರಿಂಕ್‌ನಲ್ಲೇ, ಅಂದರೆ ಹಿಮದ ಅಂಗಳದಲ್ಲೇ ಇದ್ದೆ. ನಮ್ಮ ಹುಡುಗ, ಎದುರಾಳಿ ಇಬ್ಬರೂ ಪರಸ್ಪರ ಒಂದು ಮಾತು ಕೇಳಿ, ತಲೆಯಾಡಿಸಿ, ಗ್ಲೌಸ್ ಬಿಸುಟು ನಿಂತರು. ಎರಡನೆಯ ಎಳೆತಕ್ಕೇ ನಮ್ಮ ಹುಡುಗನ ಜರ್ಸಿ ತಲೆಯ ಮೇಲೇರಿತು. ಕಣ್ಣು ಕಾಣದು, ಎರಡೂ ಕೈ ತೋಳಿನೊಳಗೆ ಸಿಕ್ಕಿಬಿದ್ದವು. ಎದುರಿನವನು ಎತ್ತಿದ ಬಲಗೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಇಡೀ ರಿಂಕ್ ಕೂಗುತ್ತಿತ್ತು, ಅವನು ಹೊಡೆಯಲಿಲ್ಲ. ಜಗಳ ಬಿಡಿಸುವ ಲೈನ್ಸ್‌ಮನ್‌ಗಳು ಬರುವವರೆಗೆ ನಮ್ಮವನು ಬೀಳದಂತೆ ಹಿಡಿದುಕೊಂಡಿದ್ದು, ಬೆನ್ನು ತಟ್ಟಿ, ಶಿಕ್ಷೆಯಾದವರು ಕೂರುವ ಪೆನಾಲ್ಟಿ ಬಾಕ್ಸ್‌ಗೆ ಹೋದ. ಕೈಲಾಗದವನಿಗೆ, ಬಿದ್ದವನಿಗೆ ಹೊಡೆಯಬಾರದೆಂದು ಈ ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ. ಎಲ್ಲರೂ ಹೀಗೆ ನಡೆದುಕೊಳ್ಳುವುದೂ ಇಲ್ಲ. ನನ್ನ ಗುಂಡಿಯ ತಪ್ಪಿಗೆ ಆ ಹುಡುಗನ ದವಡೆ ಮುರಿಯಬಹುದಿತ್ತು. ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬೇಸಿಗೆಯಲ್ಲಿ ಒಂಬೈನೂರು ಡಾಲರ್ ಕೊಟ್ಟು ಹಳೆಯ ಇಂಡಸ್ಟ್ರಿಯಲ್ ಯಂತ್ರ ತಂದೆ. ಪಟ್ಟಿಯನ್ನು ನೇರವಾಗಿ ಜರ್ಸಿಗೆ ಹೊಲಿಯುವುದನ್ನೇ ಬಿಟ್ಟೆ. ಒಳಗಡೆ ಅಂಗೈಯಗಲದ ತೇಪೆಯನ್ನು ವಜ್ರಾಕಾರವಾಗಿ, ಮೂಲೆ ಮೇಲೆ ಬರುವಂತೆ ಇಟ್ಟೆ. ಆಗ ಎಳೆತ ಒಂದೇ ಸಾಲಿನ ಮೇಲೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ದುಂಡುಮೊನೆಯ ಸೂಜಿ, ಸಡಿಲ ಜಿಗ್‌ಜಾಗ್. ತೇಪೆಯ ಬಟ್ಟೆ ಯಾವುದು, ಕೊನೆಯ ಹೊಲಿಗೆಯನ್ನು ಎಲ್ಲಿ ನಿಲ್ಲಿಸುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ. ನನ್ನ ಅನ್ನ ಅದರಲ್ಲಿದೆ. ಪಟ್ಟಿಯೊಂದಕ್ಕೆ ಮೊದಲು ಎಂಟು ಡಾಲರ್ ಕೊಡುತ್ತಿದ್ದರು, ಈಗ ಹದಿನಾಲ್ಕು ಕೇಳುತ್ತೇನೆ, ಚೌಕಾಸಿ ಇಲ್ಲದೆ ಕೊಡುತ್ತಾರೆ.

ಹರಿದ ಜಾಗ ನೋಡಿದರೆ ಜಗಳ ಹೇಗಿತ್ತೆಂದು ಈಗ ನನಗೆ ತಿಳಿಯುತ್ತದೆ. ಎದುರುಬದುರು ನಿಂತು ಹೊಡೆದಾಡಿದ್ದರೆ ಕೊರಳಿನ ಬಳಿ, ಬಲ ಮೊಣಕೈಯ ಮೇಲೆ ಹೊಲಿಗೆ ಬಿಟ್ಟಿರುತ್ತದೆ, ಏಕೆಂದರೆ ಹೊಡೆಯುವ ಕೈಯನ್ನೇ ಮೊದಲು ಹಿಡಿಯುತ್ತಾರೆ. ಆ ಹಿಡಿತ ಜಾರಲೆಂದು ಒಮ್ಮೆ ತೋಳಿಗೆ ನುಣುಪಾದ ಅಸ್ತರಿ ಹಾಕಿ ನೋಡಿದೆ. ಚೆನ್ನಾಗಿಯೇ ಜಾರಿತು. ತಂಡದ ಪರವಾಗಿ ಜಗಳಕ್ಕೆ ನಿಲ್ಲುವ ಹಿರಿಯ ಆಟಗಾರ, ಎನ್‌ಫೋರ್ಸರ್, ಅದನ್ನು ಬೆರಳಲ್ಲಿ ಸವರಿ, ‘ಇದನ್ನು ತೆಗೆಯಿರಿ. ನಿಯಮಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಒಂದೇ ರಾತ್ರಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಆಮೇಲೆ ನನ್ನ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ’ ಎಂದರು. ಅವರ ಮುಂದೆಯೇ ಬಿಚ್ಚಿದೆ. ಹೊಸ ಹುಡುಗನೊಬ್ಬ, ಎದುರಾಳಿ ಎಳೆದರೆ ಪಟ್ಟಿ ಕಿತ್ತುಬರುವಂತೆ ಕಚ್ಚಾ ಹೊಲಿಗೆ ಹಾಕಿಕೊಡಿ ಎಂದು ಐವತ್ತು ಡಾಲರ್ ಮುಂದಿಟ್ಟಾಗಲೂ ವಾಪಸು ಕಳಿಸಿದೆ.

ಉಳಿದಿರುವ ತೊಂದರೆ ಗುಂಡಿಯದು. ಬೆವರಿಗೆ ಉಕ್ಕಿನ ಟಿಚ್ ಬಟನ್ ಫೆಬ್ರವರಿಯ ಹೊತ್ತಿಗೆ ತುಕ್ಕು ಹಿಡಿಯುತ್ತಿದೆ. ಎರಡು ಜರ್ಸಿಗಳಿಗೆ ಹಿತ್ತಾಳೆಯದು ಹಾಕಿ ಕೊಟ್ಟಿದ್ದೇನೆ.