ಹೊಸ ಟಾರ್ಚ್ ಕೊಳ್ಳುವ ಮುನ್ನ ಅರ್ಧ ಖಾಲಿ ಸೆಲ್ ಹಾಕಿ ನೋಡಿ

ಮಳೆಗಾಲಕ್ಕೆ ರೀಚಾರ್ಜ್ ಟಾರ್ಚ್ ಬದಲಾಯಿಸುವವರು ಅಂಗಡಿಗೆ ಎರಡು 18650 ಸೆಲ್ (ಇಂಥ ಟಾರ್ಚಿಗೆ ಹಾಕುವ ದುಂಡನೆಯ ಲಿಥಿಯಂ ಸೆಲ್) ಒಯ್ಯಿರಿ: ಒಂದು ಫುಲ್ ಚಾರ್ಜ್ ಆದದ್ದು, ಇನ್ನೊಂದು ಮಲ್ಟಿಮೀಟರಿನಲ್ಲಿ 3.6 ವೋಲ್ಟ್ ತೋರಿಸುವಂಥದ್ದು. ಎರಡನ್ನೂ ಒಂದಾದ ಮೇಲೊಂದು ಹಾಕಿ, ಬೆಳಕಿನ ಮಟ್ಟವನ್ನು ಮೀಡಿಯಂನಲ್ಲಿಟ್ಟು ಗೋಡೆಗೆ ಬೆಳಕು ಬಿಡಿ. ಬೆಳಕು ಒಂದೇ ತೆರನಾಗಿದ್ದರೆ ಆ ಟಾರ್ಚ್ ತಗೊಳ್ಳಿ. ಲಿಥಿಯಂ ಸೆಲ್ ಫುಲ್ ಇದ್ದಾಗ 4.2 ವೋಲ್ಟ್, ಖಾಲಿಯಾಗುತ್ತಾ 3ರ ಹತ್ತಿರ ಇಳಿಯುತ್ತದೆ. ಒಳಗೆ ಒಳ್ಳೆಯ ಸರ್ಕ್ಯೂಟ್ ಇದ್ದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ. ಇಲ್ಲದಿದ್ದರೆ ವೋಲ್ಟೇಜ್ ಜೊತೆ ಬೆಳಕೂ ಕುಸಿಯುತ್ತದೆ. ಕೊಡಗಿನ ಸಿದ್ದಾಪುರ ಕಡೆಯ ತೋಟಗಳಲ್ಲಿ ಆನೆ ಇರುವ ದಾರಿಯಲ್ಲಿ ಕತ್ತಲಾದ ಮೇಲೆ ನಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಬೆಳಕನ್ನು ‘ಹೈ’ ಮಟ್ಟದಲ್ಲಿಟ್ಟರೆ ಈ ಪರೀಕ್ಷೆ ನಡೆಯದು, ಒಳ್ಳೆಯ ಟಾರ್ಚೂ ಅಲ್ಲಿ ಸ್ವಲ್ಪ ಮಂಕಾಗಬಹುದು. ಸೆಲ್ ಹಳೆಯದಾಗಿದ್ದರೂ ಫಲಿತಾಂಶ ತಪ್ಪುತ್ತದೆ, ಟಾರ್ಚ್ ಹಚ್ಚಿ ಲೋಡ್ ಬಿದ್ದ ಕೂಡಲೇ ಅದರ ವೋಲ್ಟೇಜ್ ಬೀಳುತ್ತದೆ. ಇನ್ನೊಂದು, ಬೆಳಕು ಸಮವಾಗಿರುವ ಟಾರ್ಚ್ ಮುನ್ಸೂಚನೆ ಕಡಿಮೆ ಕೊಟ್ಟು ಥಟ್ಟನೆ ಆರಬಹುದು, ಹಾಗಾಗಿ ಜೇಬಿನಲ್ಲಿ ಇನ್ನೊಂದು ಸೆಲ್ ಇರಲೇಬೇಕು, ಅದೂ ಪ್ಲಾಸ್ಟಿಕ್ ಡಬ್ಬಿಯೊಳಗೆ. ಬೀಗದ ಕೈ ತಾಗಿದರೆ ಶಾರ್ಟ್ ಆಗುತ್ತದೆ. 18650 ಸೆಲ್ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಎಂದು ಬರೆದಿದ್ದರೆ ಮಾತ್ರ ದಯವಿಟ್ಟು ಕೊಳ್ಳಬೇಡಿ, ಆ ಗಾತ್ರದಲ್ಲಿ ಅಷ್ಟು ಹಿಡಿಯುವುದೇ ಇಲ್ಲ.