ಬೆಂಗಳೂರಿನ ಗಾಳಿಯಲ್ಲಿ ಕಟ್ಟಿದ ಇಂಜಿನ್

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಇಂಜಿನ್ನಿಗೆ ಸುತ್ತಲಿನ ಗಾಳಿಯ ಒತ್ತಡವೇ ಬಂಡವಾಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಆ ಒತ್ತಡ 91 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿರುತ್ತದೆ, ಚೆನ್ನೈಯಲ್ಲಿ ಸುಮಾರು 101. ಹಳೆಯ ಎಸ್ಟೀಮ್ ಕಾರಿನ 1.3 ಲೀಟರ್ ಇಂಜಿನ್ನನ್ನು ಟ್ರ್ಯಾಕ್ ಓಟಕ್ಕಾಗಿ ಮತ್ತೆ ಕಟ್ಟಲು ಹೊರಟಾಗ ನೋಟ್‌ಪುಸ್ತಕದಲ್ಲಿ ನಾನು ಮೊದಲು ಬರೆದುಕೊಂಡದ್ದು ಈ ಎರಡು ಅಂಕಿಗಳನ್ನು. (ಕಾರಿನ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲವಾದ್ದರಿಂದ ಈ ಕಾರು ರಸ್ತೆಗೆ ಇಳಿಯುವುದಿಲ್ಲ, ಟ್ರೇಲರ್ ಮೇಲೆಯೇ ಹೋಗಿ ಬರುತ್ತದೆ.)

ಈ ಇಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿಲಿಮೀಟರ್. ಜೆ.ಸಿ. ರಸ್ತೆಗೆ ಹೋಗಿ ಮೊದಲು ಬಿಡಿಭಾಗ ಕೊಂಡು ಆಮೇಲೆ ಲೆಕ್ಕ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಮಾಡಬಾರದೆಂದು ಇಂಜಿನ್ ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತು) ತಿರುಗಬೇಕೆಂಬುದನ್ನು ಮೊದಲೇ ತೀರ್ಮಾನಿಸಿದೆ. 7000ಕ್ಕೆ ಮಿತಿ ಹಾಕಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.6 ಮೀಟರ್ ಆಗುತ್ತದೆ, ಒಳ್ಳೆಯ ಸ್ಥಿತಿಯಲ್ಲಿರುವ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡ್ ಅದನ್ನು ತಾಳಿಕೊಳ್ಳುತ್ತವೆ. ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಆರಿಸಿದ್ದು ಆ ಮಿತಿಗೆ ತಕ್ಕಂತೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆಂಬ ಅಂಕಿ) ನಿಶ್ಚಯಿಸಿದ್ದು ಕ್ಯಾಮ್‌ಗೆ ತಕ್ಕಂತೆ. ಇಂಟೇಕ್ ವಾಲ್ವ್ ತಡವಾಗಿ ಮುಚ್ಚುವ ಕ್ಯಾಮ್ ಹಾಕಿದಾಗ ಕೆಳ ಆರ್‌ಪಿಎಂನಲ್ಲಿ ಎಳೆದುಕೊಂಡ ಗಾಳಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿಬಿಡುತ್ತದೆ, ಆ ನಷ್ಟವನ್ನು ತುಂಬಲು ಕಂಪ್ರೆಷನ್ ಏರಿಸಲೇಬೇಕಾಗುತ್ತದೆ.

ಇಂಧನ ಉರಿಯುವ ಚೇಂಬರುಗಳ ಗಾತ್ರ ಅಳೆಯಲು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡನ್ನು ಬಿಚ್ಚಿ, ತಲೆಕೆಳಗಾಗಿ ಮೇಜಿನ ಮೇಲಿಟ್ಟು, ವಾಲ್ವುಗಳನ್ನು ಕೂರಿಸಿ, ತೂತು ಕೊರೆದ ಅಕ್ರಿಲಿಕ್ ಹಲಗೆಯನ್ನು ಗ್ರೀಸ್ ಹಚ್ಚಿ ಅಂಟಿಸಿದೆ. ಬ್ಯೂರೆಟ್ಟಿನಿಂದ ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ಆ ತೂತಿನೊಳಗೆ ಹನಿಹನಿಯಾಗಿ ಬಿಡುತ್ತಾ, ಹಲಗೆಯ ಅಡಿಯಲ್ಲಿನ ಕೊನೆಯ ಗಾಳಿಗುಳ್ಳೆ ಹೊರಟುಹೋದ ಕ್ಷಣದಲ್ಲಿ ಅಳತೆ ಓದಿಕೊಂಡೆ. ನಾಲ್ಕು ಚೇಂಬರುಗಳಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ 1.4 ಸಿಸಿ ವ್ಯತ್ಯಾಸ ಕಂಡಿತು. ಕೇಳಲು ಸಣ್ಣದೆನಿಸಿದರೂ ಒಂದು ಸಿಲಿಂಡರಿನಲ್ಲಿ 9.5 ಇರುವಾಗ ಇನ್ನೊಂದರಲ್ಲಿ 9.8 ಕಂಪ್ರೆಷನ್ ಇರುತ್ತದೆಂದು ಅದರರ್ಥ, ನಾಕಿಂಗ್ (ಮಿಶ್ರಣ ಹೊತ್ತಿಗೆ ಮೀರಿ ತಾನಾಗಿ ಸಿಡಿಯುವುದು) ಮೊದಲು ಶುರುವಾಗುವುದು ಆ ಚಿಕ್ಕ ಚೇಂಬರಿನಲ್ಲೇ. ಎಲ್ಲವನ್ನೂ ದೊಡ್ಡದಕ್ಕೆ ಸರಿಹೊಂದುವಂತೆ ಉಜ್ಜಿ, ಆಮೇಲೆ 10.3ಕ್ಕೆ ಬರುವಷ್ಟು ಹೆಡ್ಡಿನ ತಳವನ್ನು ತೆಳುವಾಗಿ ಸವರಿಸಿದೆ. ಹೆಡ್ ಸವರಿಸಿದರೆ ಟೈಮಿಂಗ್ ಬೆಲ್ಟಿನ ದಾರಿ ಗಿಡ್ಡವಾಗಿ ಕ್ಯಾಮ್ ಸ್ವಲ್ಪ ಹಿಂದೆ ಬೀಳುವುದರಿಂದ ಹೊಂದಿಸಬಹುದಾದ ಪುಲ್ಲಿಯನ್ನೂ ಹಾಕಿಕೊಂಡೆ.

ಇಂಧನದ ಲೆಕ್ಕದಲ್ಲಿ ಹಳೆಯ ಪಾಠಗಳನ್ನು ಹಾಗೆಯೇ ನಂಬುವಂತಿಲ್ಲ. ಶುದ್ಧ ಪೆಟ್ರೋಲಿಗೆ ಸರಿಯಾದ ಮಿಶ್ರಣ 14.7 ಪಾಲು ಗಾಳಿಗೆ ಒಂದು ಪಾಲು ಇಂಧನವಾದರೆ, ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಆದ್ದರಿಂದ ಅನುಪಾತವನ್ನು ಬಿಟ್ಟು ಲ್ಯಾಂಬ್ಡಾದಲ್ಲಿಯೇ (ಸರಿಯಾದ ಮಿಶ್ರಣಕ್ಕೆ 1, ಇಂಧನ ಹೆಚ್ಚಾದಂತೆ ಅದಕ್ಕಿಂತ ಕಡಿಮೆ) ಎಲ್ಲವನ್ನೂ ಬರೆದುಕೊಂಡೆ: ಸಮವೇಗದಲ್ಲಿ 1.0, ಪೂರ್ತಿ ಥ್ರಾಟಲ್‌ನಲ್ಲಿ 0.87. ನೂರು ಅಶ್ವಶಕ್ತಿಯ ಗುರಿಗೆ, ಇಂಧನ ಚಿಮ್ಮಿಸುವ ಇಂಜೆಕ್ಟರ್ ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ಮಿತಿಯಿಟ್ಟು ಲೆಕ್ಕ ಹಾಕಿದರೆ, ಪ್ರತಿ ಇಂಜೆಕ್ಟರ್ ನಿಮಿಷಕ್ಕೆ 170 ಸಿಸಿಯಾದರೂ ಹರಿಸಬೇಕು.

ಇಂಜಿನ್ನಿನ ಶಕ್ತಿ ಅಳೆಯುವ ಡೈನೋ ಮೇಲಿನ ಎರಡನೆಯ ದಿನ ಲ್ಯಾಂಬ್ಡಾ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ 0.88 ತೋರಿಸುತ್ತಿತ್ತು, ಗ್ರಾಫ್ ಕೂಡ ನುಣುಪಾಗಿತ್ತು. ಆದರೂ ಇಂಜಿನ್ ಆರಿಸಿ ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿಟ್ಟು ನೋಡಿದಾಗ ಮೂರು ತಿಳಿಗಂದು ಬಣ್ಣದಲ್ಲಿದ್ದವು, ಮೂರನೆಯ ಸಿಲಿಂಡರಿನದು ಮಾತ್ರ ಸುಣ್ಣದಷ್ಟು ಬಿಳಿಯಾಗಿತ್ತು, ಅಂದರೆ ಅದಕ್ಕೆ ಇಂಧನ ಸಾಲುತ್ತಿರಲಿಲ್ಲ. ನಾನು ಬದಲಿಸದೆ ಬಿಟ್ಟಿದ್ದ ಹಳೆಯ ರಬ್ಬರ್ ಪೈಪ್ ಎಥನಾಲ್‌ಗೆ ಒಳಗೊಳಗೇ ಕರಗಿ, ಅದರ ಕಪ್ಪು ಪುಡಿ ಆ ಇಂಜೆಕ್ಟರಿನ ಜಾಲರಿಯಲ್ಲಿ ಕೂತಿತ್ತು. ನಾಲ್ಕು ಸಿಲಿಂಡರುಗಳ ಹೊಗೆ ಬೆರೆತ ಮೇಲೆ ಅಳೆಯುವ ಸೆನ್ಸರ್ ಸರಾಸರಿಯನ್ನಷ್ಟೇ ಹೇಳುತ್ತದೆ. ಒಂದು ಸಿಲಿಂಡರಿಗೆ ಶೇ. 15ರಷ್ಟು ಇಂಧನ ಕಡಿಮೆಯಾದರೂ ಸರಾಸರಿ ಕದಲುವುದು ಶೇ. 4ರಷ್ಟು ಮಾತ್ರ. ಪೈಪುಗಳನ್ನೆಲ್ಲ ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಿದೆ.

ಇಷ್ಟಾದ ಮೇಲೂ ನನ್ನನ್ನು ಕಾಡಿದ್ದು ಮ್ಯಾಪಿನ (ಒತ್ತಡ, ಆರ್‌ಪಿಎಂಗೆ ತಕ್ಕಂತೆ ಇಂಧನ, ಇಗ್ನಿಷನ್ ಬರೆದಿಡುವ ಕೋಷ್ಟಕ) ತುದಿಯ ಎರಡು ಸಾಲುಗಳು. ಬೆಂಗಳೂರಿನಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಮ್ಯಾನಿಫೋಲ್ಡ್ ಒತ್ತಡ (ಸಿಲಿಂಡರುಗಳಿಗೆ ಹೋಗುವ ಗಾಳಿಯ ಒತ್ತಡ) 90 ಕಿಲೋಪ್ಯಾಸ್ಕಲ್ ದಾಟುವುದು ಕಷ್ಟ. ಹಾಗಾಗಿ 95 ಮತ್ತು 100ರ ಸಾಲುಗಳನ್ನು ಇಲ್ಲಿಯ ಯಾವ ಡೈನೋ ಮೇಲೂ ಮುಟ್ಟಲಾಗುವುದಿಲ್ಲ. ಚೆನ್ನೈಗೆ ಹತ್ತಿರದ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ಇಂಜಿನ್ ಹೆಚ್ಚು ಹೊತ್ತು ದುಡಿಯುವುದು ಅದೇ ಸಾಲುಗಳಲ್ಲಿ. ಇಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಒತ್ತಡ ಹೆಚ್ಚಾದಷ್ಟೂ ಇಂಧನವನ್ನು ತಾನಾಗಿ ಹೆಚ್ಚಿಸುತ್ತದೆ, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮಾತ್ರ ನಾವು ಬರೆದಿಟ್ಟಂತೆಯೇ ಇರುತ್ತದೆ. 10.3 ಕಂಪ್ರೆಷನ್ ಬೆಂಗಳೂರಿನ ತೆಳು ಗಾಳಿಯಲ್ಲಿ ನೆಮ್ಮದಿಯಾಗಿದ್ದರೂ ಅಲ್ಲಿಯ ದಟ್ಟ ಗಾಳಿಯಲ್ಲಿ ನಾಕಿಂಗ್‌ಗೆ ಹತ್ತಿರ ಹೋಗಬಹುದೆಂದು ಆ ಎರಡು ಸಾಲುಗಳಲ್ಲಿ ಟೈಮಿಂಗನ್ನು ಮೂರು ಡಿಗ್ರಿ ಹಿಂದಿಟ್ಟು, ಲ್ಯಾಂಬ್ಡಾವನ್ನು 0.85ಕ್ಕೆ ಇಳಿಸಿ ಹೋದೆ.

ಅಲ್ಲಿ ಮೂರೇ ಸುತ್ತು ಓಡಿಸಿ ಪಿಟ್‌ಗೆ ಬಂದು ಲಾಗ್ ತೆರೆದಾಗ ಒತ್ತಡ 99ರವರೆಗೆ ಏರಿತ್ತು, ಪ್ಲಗ್ಗುಗಳು ನಾಲ್ಕೂ ಒಂದೇ ಬಣ್ಣದಲ್ಲಿದ್ದವು. 5500 ಆರ್‌ಪಿಎಂ ಮೇಲೆ ಟೈಮಿಂಗಿಗೆ ಒಂದು ಡಿಗ್ರಿ ಮರಳಿ ಕೊಟ್ಟೆ. ನಾಕಿಂಗ್ ಬರುವುದಿದ್ದರೆ ಮೊದಲು ಬರುವ 3500ರಿಂದ 4500ರ ನಡುವೆ ಟೈಮಿಂಗನ್ನು ಮುಟ್ಟಲಿಲ್ಲ, ಇಂದಿಗೂ ಅಲ್ಲಿ ಅದೇ ಅಂಕಿಗಳಿವೆ.